ಸುಳಿ ನೋಡಿದ ಮೇಷ್ಟ್ರು

ನನ್ನಷ್ಟು ಪುಕ್ಕಲ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಬ್ಬ ಹುಟ್ಟಿಲ್ಲವೆಂದು ನಮ್ಮ ತಾಯಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಸೀನಿದರೆ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ನಾಯಿ, ಸಿಡಿಲು, ಬಾವಿ, ತಾಲ್ಲೂಕು ಕಚೇರಿಯ ಜವಾನ, ಎಲ್ಲಕ್ಕೂ ಹೆದರಿಕೆ. ದೇವರು ಮೈಗೆ ಮಾತ್ರ ಧಾರಾಳವಾಗಿ ಗಾತ್ರ ಕೊಟ್ಟ, ಒಳಗೆ ಗುಂಡಿಗೆ ಇಡುವುದನ್ನು ಮರೆತ. ಅಂಥವನಿಗೆ ತೊಂಬತ್ತರ ದಶಕದಲ್ಲಿ ಡ್ರಾಯಿಂಗ್ ಮೇಷ್ಟ್ರ ಕೆಲಸ ಸಿಕ್ಕಿತು, ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವಿನ ಒಂದು ಹಳೇ ಸಕ್ಕರೆ ಮಿಲ್ಲಿನ ಊರಿನ ಹೈಸ್ಕೂಲಿನಲ್ಲಿ. ಊರಿನ ಹೆಸರು ಬೇಡ. ಆಗಿನ ಜನ ಇನ್ನೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಕೆ ಮಾತ್ರ ಇವತ್ತಿಗೂ ಹೋಗಿಲ್ಲ.

ನಮ್ಮ ಕಡೆ ರಾಗಿ, ಹುರುಳಿ, ಬಂಡೆ. ಇಲ್ಲಿ ಬಸ್ಸಿಳಿದರೆ ಎತ್ತ ನೋಡಿದರೂ ಕಬ್ಬು, ಕಬ್ಬಿನ ಮೇಲೆ ಮಿಲ್ಲಿನ ಚಿಮಣಿ. ಇಟ್ಟಿಗೆಯಲ್ಲಿ ಕಟ್ಟಿದ ಹಳೇ ಕಾಲದ ಚಿಮಣಿ ಅದು. ಊರಿನವರು ಹೊತ್ತು ನೋಡುತ್ತಿದ್ದದ್ದು ಮಿಲ್ಲಿನ ಕೂಗಿನಿಂದ, ದಿಕ್ಕು ನೋಡುತ್ತಿದ್ದದ್ದು ಚಿಮಣಿಯಿಂದ. ಬಾಬುರಾಯನಕೊಪ್ಪಲಿನ ಕಡೆಯಿಂದ ಬರುವ ಗಾಡಿಯವರು ಎತ್ತಿನ ಹಗ್ಗ ಸಡಿಲಬಿಟ್ಟು, ಅದು ಕಂಡ ಕಡೆಗೆ ಹೊಡೆದುಕೊಂಡು ಬರುತ್ತಿದ್ದರು. ಅರೆಯುವ ಕಾಲದಲ್ಲಿ ಊರೆಲ್ಲ ಕಾಕಂಬಿಯ ವಾಸನೆ. ಮೊದಲ ವಾರ ನನಗೆ ಅನ್ನ ಸೇರಲಿಲ್ಲ, ಆಮೇಲೆ ಆ ವಾಸನೆ ಇಲ್ಲದಿದ್ದರೆ ಏನೋ ಕಮ್ಮಿಯಾದ ಹಾಗೆ ಅನಿಸತೊಡಗಿತು.

ನಾನು ಬಾಡಿಗೆಗಿದ್ದ ಕೋಣೆ ಒಬ್ಬ ಲಾರಿ ಮೆಕ್ಯಾನಿಕ್‌ರ ಮನೆಯ ಮುಂಭಾಗ. ಊರೆಲ್ಲ ಅವರನ್ನು ಭಾಯಿ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಕಬ್ಬಿನ ಲಾರಿಗಳು ಅವರ ಕೈ ಸೋಕದೆ ಮಿಲ್ಲಿನ ಗೇಟು ದಾಟುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಮಿಲ್ಲಿನ ಬಾಯ್ಲರ್ ಕೆಲಸದವನೊಬ್ಬ, ಅವನ ತಾಯಿ ಮತ್ತು ಅವನ ಪುಟ್ಟ ಮಗಳು. ಹೆಂಡತಿ ಎರಡನೇ ಬಾಣಂತನಕ್ಕೆಂದು ಕೆ.ಆರ್. ಪೇಟೆಯ ತವರಿಗೆ ಹೋಗಿದ್ದಳು. ಹುಡುಗಿ ಇನ್ನೂ ಪ್ರೈಮರಿ ಶಾಲೆಯವಳು. ಗಿಡ್ಡ ಲಂಗ, ಎಣ್ಣೆ ಸುರಿಯುವ ತಲೆ, ನಿಲ್ಲದ ಬಾಯಿ. ಅವಳು ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು, ನಾನು ಬರೆದ ಎತ್ತಿಗೆ ಕಾಲು ಗಿಡ್ಡವಾಯಿತು ಎಂದು ತಪ್ಪು ಹಿಡಿಯುತ್ತಿದ್ದಳು. ತಪ್ಪು ಇರುತ್ತಿತ್ತು ಕೂಡ.

ಆ ವರ್ಷ ಅರೆಯುವುದು ಶುರುವಾಗುವ ಮುಂಚೆ ಮಿಲ್ಲಿನಲ್ಲಿ ದೊಡ್ಡ ಪೂಜೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು. ಹೆಡ್‌ಮಾಸ್ಟರಿಗೆ ಅದೇ ಹೊತ್ತಿಗೆ ಊರಿನ ಅಭಿಮಾನ ಉಕ್ಕಿ ಬಂತು. ನನ್ನನ್ನು ಕರೆದು, "ಎಲ್ಲಾರೂ ಪಟ್ಣಕ್ಕೆ ಹೋಗಿ ಕೋಟೆ ನೋಡ್ತಾರೆ, ಫೋಟೋ ಹಿಡಿಸ್ಕೋತಾರೆ. ನಮ್ಮೂರಿಗೇನ್ರೀ ಕಮ್ಮಿ ಆಗೈತೆ? ಸೋಲ್ಜರ್ ಕಾಲದ ಕಲ್ಮನೆ ಇಲ್ವಾ, ವೀರಗಲ್ಲಿಲ್ವಾ, ಹಳೇ ತೂಬಿಲ್ವಾ? ಎಲ್ಲಾನೂ ಬರೀರಿ. ಪೂಜೆ ದಿನ ಸ್ಕೂಲ್ ಗೋಡೆಗೆ ಹಾಕನ," ಎಂದರು. ಬರೀರಿ ಎಂದವರು ಬಣ್ಣಕ್ಕೇನೂ ಕೊಡಲಿಲ್ಲ. ಆದರೂ ನನಗೆ ಹಿಗ್ಗಾಯಿತು. ಮಡಕೆ, ಮಾವಿನಕಾಯಿ ಬರೆಸಿ ಬರೆಸಿ ಕೈ ಜಡ್ಡುಗಟ್ಟಿತ್ತು.

ಶಾಲೆ ಬಿಟ್ಟ ಮೇಲೆ ಹಾಳೆ, ಪೆನ್ಸಿಲು, ಅಳತೆ ಟೇಪು ಹಿಡಿದು ಹೊರಡುತ್ತಿದ್ದೆ. ಹುಡುಗಿ ಅಜ್ಜಿಗೆ ಹೇಳಿ ಹಿಂದೆ ಬರುತ್ತಿದ್ದಳು. ಮಿಲ್ಲಿನ ಹಿಂದೆ ಪರಂಗಿ ಸಿಪಾಯಿಗಳು ಬೀಡುಬಿಟ್ಟಿದ್ದರೆನ್ನುವ ಉದ್ದನೆಯ ಕಲ್ಲುಮನೆಯೊಂದಿತ್ತು. ಒಂದು ಕೋಣೆಯಲ್ಲಿ ಮಿಲ್ಲಿನ ತುಕ್ಕು ಹಿಡಿದ ಪೈಪುಗಳು, ಇನ್ನೊಂದರಲ್ಲಿ ಯಾರದೋ ಮೇಕೆಗಳು. ಅದರಾಚೆ ಬೇಲಿಯೊಳಗೆ ಹೆಸರು ಅಳಿಸಿಹೋದ ಗೋರಿಗಳು. ಊರ ಬಾಗಿಲಲ್ಲಿ ಒಂದು ವೀರಗಲ್ಲು, ಒಂದು ಮಾಸ್ತಿಕಲ್ಲು. ಮಾಸ್ತಿಕಲ್ಲಿನ ಮೇಲೆತ್ತಿದ ಕೈಗೆ ಯಾರೋ ಪ್ರತಿ ಶುಕ್ರವಾರ ಬಳೆ ತೊಡಿಸಲು ನೋಡಿ, ಆಗದೆ, ಬುಡದಲ್ಲಿ ಇಟ್ಟು ಹೋಗುತ್ತಿದ್ದರು.

ಚಿತ್ರದಲ್ಲಿ ಕಲ್ಲು ಎಷ್ಟು ಎತ್ತರ ಎಂದು ನೋಡುವವನಿಗೆ ತಿಳಿಯಬೇಕಾದರೆ ಪಕ್ಕದಲ್ಲೊಬ್ಬ ಮನುಷ್ಯ ನಿಲ್ಲಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ನಾನು ಹುಡುಗಿಯನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಸ್ಕೇಲು ಇಟ್ಟು, ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದೆ. ಎಲ್ಲ ಚಿತ್ರಕ್ಕೂ ಒಬ್ಬಳೇ ಇದ್ದರೆ ಅಳತೆ ತಪ್ಪುವುದಿಲ್ಲ. ಅಲ್ಲಾಡದೆ ನಿಂತರೆ ಒಂದು ಪೆಪ್ಪರಮೆಂಟು. ಹೀಗೆ ಊರಿನ ಹಳೇ ಕಲ್ಲುಗಳ ಮೇಲೆಲ್ಲ ಆ ಮಗುವಿನ ಎತ್ತರದ ಗೀಟು ಬಿತ್ತು. ಸ್ಕೇಲು ಇಡುವಾಗ ಒಂದು ಸಲ ಕಂಡಿತು, ಅವಳ ನೆತ್ತಿಯಲ್ಲಿ ಎರಡು ಸುಳಿ. "ಲೇ, ನಿನಗೆರಡು ಸುಳಿ ಕಣೇ, ಎರಡು ಮದುವೆ ಗ್ಯಾರಂಟಿ," ಎಂದು ತಮಾಷೆ ಮಾಡಿದೆ. ಅವಳು ನಕ್ಕು, ಎರಡೂ ಮದುವೆಗೆ ಬೇರೆ ಬೇರೆ ಸೀರೆ ಬೇಕು ಎಂದಳು.

ನಮಗಿಬ್ಬರಿಗೂ ಇಷ್ಟವಾದ ಜಾಗ ಹಳೇ ತೂಬು. ರಾಜರ ಕಾಲದ ಕೆರೆಯೊಂದು ಹೂತು ಗದ್ದೆಯಾಗಿತ್ತು, ಏರಿ ಮಾತ್ರ ಉಳಿದಿತ್ತು. ಏರಿಯ ಕೆಳಗೆ ಚಪ್ಪಡಿಕಲ್ಲಿನ ಒಂದು ಕಂಡಿ, ಬಾಯಿಯ ಮೇಲೆ ಮೀನು, ಆಮೆ ಕೆತ್ತಿದ ಅಡ್ಡಗಲ್ಲು. ನಾಲೆ ಬಂದ ಮೇಲೆ ಇಂಜಿನಿಯರುಗಳು ಅದನ್ನು ಕೆಡವದೆ, ಗದ್ದೆಗೆ ಹೋಗುವ ಕಾಲುವೆಯನ್ನು ಆ ಕಂಡಿಯೊಳಗೇ ಹಾಯಿಸಿದ್ದರು. ನೀರು ಬಿಟ್ಟಾಗ ಕಂಡಿ ತುಂಬಿ ಹರಿಯುತ್ತಿತ್ತು, ಬೇಸಿಗೆಯಲ್ಲಿ ಒಣಗಿರುತ್ತಿತ್ತು. ಒಳಗೆ ಇನ್ನೂ ಕೆತ್ತನೆ ಇದೆಯಂತೆ ಎಂದು ನಾನು ಬಗ್ಗಿ ತಲೆ ತೂರಿಸಿದೆ, ಭುಜ ಸಿಕ್ಕಿಕೊಂಡಿತು. ಹುಡುಗಿ ನನ್ನ ಪಕ್ಕದಲ್ಲೇ ನುಸುಳಿ ಒಳಗೆ ಹೋಗಿ, ನಡುವೆ ಎಲ್ಲೋ ಜಗಲಿಯಂಥ ಕಲ್ಲಿನ ಮೇಲೆ ಕೂತು ಕೂಗಿದಳು: "ಮೇಷ್ಟ್ರೇ, ನಿಮ್ಗೆ ಇಲ್ಲಿಗೆ ಬರಕ್ಕಾಗಕಿಲ್ಲ! ನಿಮ್ಮೊಟ್ಟೆ ಬುಡಕಿಲ್ಲ!" ಕಲ್ಲಿನೊಳಗಿಂದ ಬಂದ ಆ ನಗುವಿಗೆ ನಾನೂ ನಕ್ಕೆ.

ಅಷ್ಟರಲ್ಲಿ ಚಿಮಣಿಯ ಮಾತು ಶುರುವಾಯಿತು. ಮಿಲ್ಲು ನಿಂತಿದ್ದಾಗ ನೋಡಿದರೆ ಇಟ್ಟಿಗೆಯಲ್ಲಿ ಬಿರುಕು ಕಂಡಿತ್ತು. ರಿಪೇರಿಗೆ ಎಲ್ಲಿಂದಲೋ ಬಂದ ಕೆಲಸಗಾರರು ಸುತ್ತಲೂ ಸಾರುವೆ ಕಟ್ಟಿದರು. ಒಂದು ದಿನ ಗಾಳಿಗೆ ಸಾರುವೆಯ ಒಂದು ಮಗ್ಗುಲು ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾಗದಿದ್ದದ್ದೇ ಕೆಟ್ಟದ್ದಾಯಿತು. ಮತ್ತೆ ಕಟ್ಟಿದರು, ಮತ್ತೆ ಒಂದು ಗಳ ಜಾರಿತು. ಟೀ ಅಂಗಡಿಯಲ್ಲಿ ಮುದುಕರು ಹೇಳತೊಡಗಿದರು: "ರೋಲರ್‌ಗಾದ್ರೆ ಬೂದ್ಗುಂಬಳಕಾಯಿ ಸಾಕು. ಚಿಮ್ಣಿಗೆ ಸಾಲಾಕಿಲ್ಲ. ಅದು ಕೇಳ್ತಾ ಅದೆ."

ಏನು ಕೇಳುತ್ತಿದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೆರೆ ಕಟ್ಟುವಾಗ, ಸೇತುವೆ ಕಟ್ಟುವಾಗ, ಕಟ್ಟೆ ಕಟ್ಟುವಾಗ ಮಕ್ಕಳನ್ನು ಕೊಡುತ್ತಿದ್ದರು ಎಂಬ ಮಾತನ್ನು ಹಾಲಿನ ಜೊತೆ ಕುಡಿದೇ ನಾವೆಲ್ಲ ಬೆಳೆದವರು. ಸಂತೆಬಾಚಹಳ್ಳಿ ಸಂತೆಯಲ್ಲಿ ಮಗುವೊಂದನ್ನು ಹೊತ್ತೊಯ್ದರಂತೆ ಎಂದು ಬಸ್ಸಿನಲ್ಲಿ ಸುದ್ದಿ ಬಂತು. ಬೆಳಗೊಳದ ಹತ್ತಿರ ಗೋಣಿಚೀಲ ಹೊತ್ತ ಬೈರಾಗಿಯನ್ನು ಹಿಡಿದು ಬಡಿದರಂತೆ. ಸಂತೆಯ ಮಗು ಅದೇ ಸಂಜೆ ಬೆಲ್ಲದ ಮಂಡಿಯ ಮೂಟೆಗಳ ನಡುವೆ ಮಲಗಿದ್ದು ಸಿಕ್ಕಿತು ಎಂಬ ಸುದ್ದಿ ಮಾತ್ರ ನಮ್ಮೂರಿಗೆ ಬರಲೇ ಇಲ್ಲ. ನನಗದು ತಿಳಿದದ್ದು ಎಲ್ಲ ಮುಗಿದ ಮೇಲೆ.

ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಜೋರಾಗಿಯೇ ಹೇಳಿದೆ. ಆದರೆ ಸಂಜೆ ಚಿಮಣಿಯ ಪಕ್ಕದ ದಾರಿ ಬಿಟ್ಟು ಸುತ್ತುಬಳಸಿ ಮನೆಗೆ ಬರುತ್ತಿದ್ದೆ. ಯಾರಾದರೂ ಕೇಳಿದರೆ ವಾಯುಸೇವನೆ ಎನ್ನುತ್ತಿದ್ದೆ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತರು. ಯಾವಾಗಲೂ ಮಜ್ಜಿಗೆಯ ಲೋಟ ಹಿಡಿದು ಬರುತ್ತಿದ್ದವರು ಅಂದು ಬರಿಗೈಯಲ್ಲಿದ್ದರು.

"ಮೇಷ್ಟ್ರೇ, ನಮ್ಮ ಕೂಸಿನ ತಲೇಲಿ ಸುಳಿ ನೋಡುದ್ರಂತಲ್ಲ, ಯಾಕೆ?"

"ಸುಮ್ನೆ ಕಣಜ್ಜಿ, ತಮಾಷೆಗೆ. ಗೀಟು ಹಾಕುವಾಗ ಕಾಣಿಸ್ತು."

"ಗೀಟು ಯಾಕಾಕ್ತೀರಿ?"

"ಅಳತೆಗೆ."

"ಕೂಸಿನ ಅಳತೆ ತಕ್ಕೊಂಡು ಕಲ್ಲಿಗೇನಾಗ್ಬೇಕು?"

ನಾನು ಚಿತ್ರಕಲೆಯ ಪಾಠವನ್ನೆಲ್ಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನಾವು ರಾಸು ಕೊಳ್ಳೋವಾಗ ಸುಳಿ ನೋಡ್ತೀವಿ ಮೇಷ್ಟ್ರೇ," ಎಂದು ಮೆಲ್ಲಗೆ ಹೇಳಿ ಹೋದರು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುವ ಮುಂಚೆ ಸುಳಿ ಹುಡುಕುತ್ತಾನೆ. ದೇವರಿಗೆ ಬಿಡುವ ಹೋತಕ್ಕೂ ಸುಳಿ ಸರಿಯಿರಬೇಕು. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ನಾನೂ ರೈತನ ಮಗ, ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮನುಷ್ಯರ ಮಗುವಿಗೆ ಆ ಲೆಕ್ಕ ಹಾಕಿ ನೋಡಿರಲಿಲ್ಲ. ಚೊಚ್ಚಲ ಮಗು, ಎರಡು ಸುಳಿ, ಕಲ್ಲು ಕಲ್ಲಿಗೂ ಅದರ ಎತ್ತರದ ಬಿಳೀ ಗೀಟು, ಕೈಗೆ ಪೆಪ್ಪರಮೆಂಟು. ಮೇಲೆ, ಮಿಲ್ಲಿನ ಪೂಜೆಗಂತಲೇ ಮೇಷ್ಟ್ರು ಇದನ್ನು ಮಾಡುತ್ತಿರುವುದು ಎಂದು ಊರಿಗೆಲ್ಲ ತಿಳಿದಿತ್ತು. ಅಜ್ಜಿ ಹೋದ ಮೇಲೆ ಇದೆಲ್ಲ ಒಂದೊಂದಾಗಿ ಹೊಳೆಯಿತು.

ಅಂದಿನಿಂದ ಹುಡುಗಿ ನನ್ನ ಹೊಸ್ತಿಲಿಗೆ ಬರಲಿಲ್ಲ. ಮನೆಯವರು ಬೇಡ ಎಂದಿರಬೇಕು ಎಂದುಕೊಂಡೆ. ಒಮ್ಮೆ ಬೀದಿಯಲ್ಲಿ ಎದುರಾದಾಗ ಜೇಬಿಗೆ ಕೈ ಹಾಕಿದೆ. ಅವಳು ಬಂದ ದಾರಿಯಲ್ಲೇ ಓಡಿದಳು. ನಾಚಿಕೆ, ಎಂದು ನನಗೆ ನಾನೇ ಹೇಳಿಕೊಂಡೆ. ಟೀ ಅಂಗಡಿಯಲ್ಲಿ ನಾನು ಕೂತ ಬೆಂಚಿನಲ್ಲಿ ಬೇರೆಯವರು ಕೂರುವುದು ನಿಂತಿತು. ತಾಯಂದಿರು ನಾನು ಹೋಗುವಾಗ ಮಕ್ಕಳನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದರು. ರಾತ್ರಿ ಚಿಲಕದ ಜೊತೆಗೆ ಬಾಗಿಲಿಗೆ ಕುರ್ಚಿಯನ್ನೂ ಒತ್ತಿ ಮಲಗತೊಡಗಿದೆ. ರಜೆ ಹಾಕಿ ಊರಿಗೆ ಹೋಗೋಣವೆಂದರೆ, ಹೋದರೆ ಅನುಮಾನ ಗಟ್ಟಿಯಾಗುತ್ತದೆ ಎಂಬ ಹೆದರಿಕೆ. ಹೆದರಿಕೆಗೂ ಹೆದರಬೇಕಾದ ಸ್ಥಿತಿ ನನ್ನದು.

ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಂದು ಅನ್ನಕ್ಕೆ ಇಟ್ಟಿದ್ದೆ. ನಾಲೆಗೆ ಇವತ್ತು ನೀರು ಬಿಡುತ್ತಾರೆ, ದನಕರು ಜೋಪಾನ ಎಂದು ತಮಟೆ ಸಾರುತ್ತ ಒಬ್ಬ ಬೀದಿಯಲ್ಲಿ ಹೋದ. ಕನ್ನಂಬಾಡಿ ಕಟ್ಟೆ ತುಂಬುತ್ತಾ ಬಂದಿದೆ ಎಂದು ಎಲ್ಲರೂ ಖುಷಿಯಲ್ಲಿದ್ದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಿಂದ ಅಜ್ಜಿ ಮೊಮ್ಮಗಳನ್ನು ಕರೆಯುವುದು ಕೇಳಿಸಿತು. ಆಮೇಲೆ ಇನ್ನೊಂದು ಸಲ. ಆಮೇಲೆ ಬೀದಿಯ ಕೊನೆಯಲ್ಲಿ. ಆ ಕರೆಯುವ ದನಿ ಬದಲಾಗುತ್ತಾ ಹೋದದ್ದು ಕೇಳುತ್ತಾ ನಾನು ಒಲೆಯ ಮುಂದೆ ಕೂತಲ್ಲೇ ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಎದ್ದು ಬಾಗಿಲು ಹಾಕಿದೆ.

ಮಗು ಶಾಲೆಯಿಂದ ಮನೆಗೆ ಬಂದಿರಲಿಲ್ಲ. ಜೊತೆಯ ಮಕ್ಕಳನ್ನು ಕೇಳಿದರೆ ಗೊತ್ತಿಲ್ಲ ಎಂದರು. ಬಾಯ್ಲರ್ ಮನೆಗೆ ಯಾರೋ ಓಡಿದರು, ಅಪ್ಪ ಮೈಯೆಲ್ಲ ಮಸಿಯಿದ್ದ ಹಾಗೇ ಬಂದ. ಇದನ್ನೆಲ್ಲ ನನಗೆ ಹಿಂದಿನ ಬಾಗಿಲಿಂದ ಬಂದು ಹೇಳಿದವರು ಭಾಯಿ.

"ಮೇಷ್ಟ್ರೇ, ಜನ ಸೇರ್ತಾವ್ರೆ. ಹಿತ್ಲಲ್ಲಿ ನನ್ನ ಲಾರಿ ನಿಂತದೆ. ಟಾರ್ಪಾಲ್ ಕೆಳಗೆ ಮಲ್ಕೊಬುಡಿ, ಪಟ್ಣದ ತನಕ ಬಿಟ್ಟು ಬರ್ತೀನಿ. ಸಂಜೆಗೆ ಮಗು ಸಿಗ್ತದೆ, ಇನ್ಶಾ ಅಲ್ಲಾ. ಆಮೇಲೆ ಬರುವ್ರಂತೆ."

ನನ್ನ ಕಾಲು ಆಗಲೇ ಹಿತ್ತಲ ಕಡೆ ತಿರುಗಿತ್ತು. ಸುಳ್ಳೇಕೆ ಹೇಳಲಿ, ಹೋಗುವುದೆಂದೇ ಚಪ್ಪಲಿ ಮೆಟ್ಟಿದೆ. ಮೆಟ್ಟುತ್ತಿದ್ದಂತೆ ದೂರದಲ್ಲಿ ಮತ್ತೆ ತಮಟೆಯ ಸದ್ದು ಕೇಳಿಸಿತು. ಆಗ ಹೊಳೆಯಿತು. ಆಡುವುದಕ್ಕೆಂದು ಆ ಮಗು ಎಲ್ಲಾದರೂ ಹೋಗಿದ್ದರೆ ಅದು ತೂಬಿಗೇ. ಒಳಗೆ ಆ ಜಗಲಿಕಲ್ಲಿನ ಮೇಲೆ ಕೂತರೆ ಹೊರಗಿನ ತಮಟೆಯೂ ಕೇಳಿಸದು, ಕರೆಯುವವರ ದನಿಯೂ ಕೇಳಿಸದು. ಅಲ್ಲಿಗೆ ಇವತ್ತು ನೀರು ಬರುತ್ತದೆ.

ಭಾಯಿಗೆ ಹೇಳಿದೆ. ಅವರ ಮುಖ ಬಿಳಚಿಕೊಂಡಿತು. "ಸರಿ, ನಾನು ಹೇಳ್ತೀನಿ ಅವರಿಗೆ," ಎಂದವರು ಬಾಗಿಲವರೆಗೆ ಹೋಗಿ ನಿಂತರು. "ಯಾರು ಹೇಳುದ್ರು ಅಂತಾರಲ್ಲ ಮೇಷ್ಟ್ರೇ. ಏನನ್ಲಿ?"

ಅದೇ ಪ್ರಶ್ನೆ. ಮಗು ಎಲ್ಲಿದೆ ಎಂದು ನನಗೆ ಗೊತ್ತಿದ್ದರೆ, ಇಟ್ಟವನೂ ನಾನೇ. ನೀರು ಬಿಡುವ ದಿನ ನೋಡಿ ತೂಬಿಗೆ ಕೊಟ್ಟ ಎಂದೇ ಅವರು ತಿಳಿಯುವುದು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಹೇಳಿದರೆ ನನ್ನ ಜೀವ, ಹೇಳದಿದ್ದರೆ ಮಗುವಿನ ಜೀವ. ಯೋಚನೆ ಮಾಡುವಷ್ಟು ಹೊತ್ತೂ ಇರಲಿಲ್ಲ, ಧೈರ್ಯವಂತೂ ಮೊದಲೇ ಇರಲಿಲ್ಲ. ಆ ಬಾಗಿಲನ್ನು ಹೇಗೆ ತೆಗೆದೆ ಎಂದು ಇವತ್ತಿಗೂ ತಿಳಿಯದು.

ಹೊರಗೆ ಬೀದಿ ತುಂಬಾ ಜನ. ನನಗೆ ದಿನಾ ನಮಸ್ಕಾರ ಹೇಳುತ್ತಿದ್ದವರೇ. ಮಗುವಿನ ಅಪ್ಪ ಮುಂದೆ ನಿಂತಿದ್ದ, ಕೈಯಲ್ಲಿ ಏನೂ ಇರಲಿಲ್ಲ. ಹಿಂದಿದ್ದವರ ಕೈಗಳಲ್ಲಿ ಇತ್ತು.

"ನನ್ನ ಮಗ ಎಲ್ಲವ್ಳೆ ಯೋಳಿ ಮೇಷ್ಟ್ರೇ." ಹೆಣ್ಣುಮಗಳನ್ನೂ ಮಗ ಎಂದೇ ಕರೆಯುವುದು ಅಲ್ಲಿನ ಪ್ರೀತಿ.

"ಹಳೇ ತೂಬು," ಎಂದೆ. ದನಿ ಬರಲಿಲ್ಲ. ಮತ್ತೆ ಹೇಳಿದೆ: "ಹಳೇ ತೂಬಿನೊಳಗೆ ಇರಬಹುದು. ನೀರು ಬಿಡ್ತಾವ್ರೆ. ಬೇಗ ಹೋಗಿ."

ಅಪ್ಪನ ಕೈ ನನ್ನ ಕೊರಳಪಟ್ಟಿಗೆ ಬಂತು. "ಅಂಗಂದ್ರೆ ನೀನೇ ಇಟ್ಟಿದ್ದೀಯಾ ಕಣ್ಲಾ," ಎಂದ. ಮೇಷ್ಟ್ರು ಹೋಗಿ ಲಾ ಬಂದಿತ್ತು. ಆ ಒಂದು ಮಾತಿಗೆ ನನ್ನ ಜೀವ ಅರ್ಧ ಹೋಯಿತು. ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು. ಭಾಯಿ ನಡುವೆ ನುಗ್ಗಿ, "ಮೊದ್ಲು ಮಗು ನೋಡ್ರಯ್ಯಾ! ಇವರು ಎಲ್ಲಿಗೂ ಓಡೋಗಕಿಲ್ಲ, ಓಡೋ ಮೈಯೇ ಅಲ್ಲ ಇದು! ನೀರು ಬತ್ತದೆ!" ಎಂದು ಕೂಗಿದರು. ನನ್ನ ಮೈಯ ಗಾತ್ರ ಉಪಕಾರಕ್ಕೆ ಬಂದದ್ದು ಅದೊಂದೇ ಸಲ.

ಎಲ್ಲರೂ ಓಡಿದರು. ನನ್ನನ್ನು ಇಬ್ಬರು ರಟ್ಟೆ ಹಿಡಿದು ಎಳೆದುಕೊಂಡೇ ಓಡಿದರು. ಒಂದು ಚಪ್ಪಲಿ ಎಲ್ಲೋ ಬಿತ್ತು. ಚಿಮಣಿಯ ಬುಡದಲ್ಲೇ ಹಾದೆವು. ಅದರ ಸಾರುವೆಯ ಮೇಲೆ ಕೆಲಸಗಾರರು ಕೈ ನಿಲ್ಲಿಸಿ ಕೆಳಗೆ ನೋಡುತ್ತಿದ್ದರು. ತಲೆಯೆತ್ತಿ ನೋಡಿದೆ. ಇಲ್ಲ, ತೂಬೂ ಇಲ್ಲ, ಆಟವೂ ಇಲ್ಲ, ಇದೇ ಮಗುವನ್ನು ತೆಗೆದುಕೊಂಡಿದೆ ಎಂದು ಆ ಕ್ಷಣ ನನಗೂ ಅನಿಸಿಬಿಟ್ಟಿತು. ಓದಿದ್ದೆಲ್ಲ ಅಲ್ಲೇ ಉದುರಿತು. ಮಗು ತೂಬಿನಲ್ಲಿ ಇಲ್ಲದಿದ್ದರೆ? ಇದ್ದೂ ನೀರು ಮೊದಲು ಮುಟ್ಟಿದ್ದರೆ? ಎರಡರಲ್ಲಿ ಯಾವುದಾದರೂ ನಾನು ಆ ಏರಿಯಿಂದ ನಡೆದು ಬರುವ ಹಾಗಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಏರಿ ಹತ್ತುವಾಗ ನನ್ನ ಮನಸ್ಸಿನಲ್ಲಿ ನಾನಿರಲಿಲ್ಲ. ಕಲ್ಲಿನೊಳಗಿಂದ ಬಂದಿದ್ದ ಆ ನಗುವಷ್ಟೇ ಇತ್ತು.

ಕಾಲುವೆ ಇನ್ನೂ ಒಣಗಿತ್ತು. ಮೇಲೆ ತಿರುವಿನಲ್ಲಿದ್ದ, ಕಾಲುವೆಗೆ ನೀರು ಬಿಡುವ ನೀರುಗಂಟಿಗೆ ಯಾರೋ ಕೂಗಿ ಹೇಳಿದರು. ಅವನು ಕೈಯಾಡಿಸಿ ಏನೋ ಕೂಗಿದ. ನಾಲೆಯ ಗೇಟು ಎತ್ತಿ ಆಗಲೇ ಬಹಳ ಹೊತ್ತಾಗಿತ್ತು. ಈಗ ಇಳಿಸಿದರೂ ಬರುವ ನೀರು ಬರುತ್ತದೆ. ಅವನು ಇಳಿಸಲು ಓಡಿದ. ತಿರುವಿನಲ್ಲಿ ಕಬ್ಬಿನ ಗರಿ, ಕಸ, ನೊರೆಯನ್ನು ಮುಂದೆ ತಳ್ಳಿಕೊಂಡು ನೀರಿನ ನಾಲಗೆ ಕಾಣಿಸಿಕೊಂಡಿತು. ಅವಸರವೇ ಇಲ್ಲದ ಹಾಗೆ ಬರುತ್ತಿತ್ತು.

ಅಪ್ಪ ಕಂಡಿಯ ಬಾಯಲ್ಲಿ ಮಂಡಿಯೂರಿ ತಲೆ ತೂರಿಸಿ ಕರೆದ. "ಮಗಾ! ಒಳಗಿದ್ದೀಯಾ?"

ಅವನು ಉಸಿರು ಹಿಡಿದು ಆಲಿಸಿದ. ಎದ್ದು ನಿಂತಾಗ ಅವನ ಮುಖ ಮಸಿಯೊಳಗೂ ಬೆಳ್ಳಗಾಗಿತ್ತು. "ಅವ್ಳೆ. ಕೂಸು ಒಳಗವ್ಳೆ. ಅಳೋದು ಕೇಳ್ತದೆ. ಯಾಕೆ ಆಚೆಗೆ ಬತ್ತಾ ಇಲ್ಲ?" ಎಂದ. ಅವನ ಭುಜವೂ ಕಂಡಿಗೆ ಅಗಲ. ಬಂದವರಲ್ಲಿ ಒಳಗೆ ನುಸುಳುವಂಥ ಮೈಯವರು ಒಬ್ಬರೂ ಇರಲಿಲ್ಲ. ಅಜ್ಜಿ ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದು, "ಬಾ ನಮ್ಮವ್ವ, ಬಾ ನನ್ ತಾಯಿ, ನೀರು ಬತ್ತಾ ಅದೆ," ಎಂದು ಕಲ್ಲಿಗೆ ಹಣೆಯಿಟ್ಟು ಗೋಗರೆದರು. ಕಲ್ಲಿನೊಳಗೆ ಅಳು ಇನ್ನೂ ದೂರ ಸರಿಯಿತು.

ಹೆದರಿಕೆ ತಡೆಯಲಾರದೆ ನಾನೂ ಕೂಗಿದೆ. "ಪುಟ್ಟಾ, ಬಾ ಆಚೆಗೆ! ನಾನು ಕಣೇ, ಮೇಷ್ಟ್ರು!"

ಒಳಗಿನಿಂದ ಒಂದು ಕಿರುಚು ಬಂತು. ಅಂಥ ಕಿರುಚನ್ನು ನಾನು ಅದಕ್ಕೆ ಮುಂಚೆಯೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ನನ್ನನ್ನು ಹಿಡಿದಿದ್ದ ಇಬ್ಬರ ಕೈಯೂ ಸಡಿಲವಾಯಿತು.

ಆಗ ತಿಳಿಯಿತು. ಮಗು ಆಡಲು ಬಂದದ್ದಲ್ಲ. ಚಿಮಣಿಗೆ ಯಾರನ್ನು ಕೊಡುತ್ತಾರೆ ಎಂದು ಅಜ್ಜಿ, ನೆರೆಯವರು ಕಿವಿ ಕಚ್ಚಿಕೊಂಡದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಮೇಷ್ಟ್ರು ಹಿಡಿದು ಕೊಡುತ್ತಾನೆ. ಹಾಗಾದರೆ ಮೇಷ್ಟ್ರಿಗೆ ಸಿಗದ ಜಾಗದಲ್ಲಿರಬೇಕು. ಇಡೀ ಊರಿನಲ್ಲಿ ಮೇಷ್ಟ್ರ ಹೊಟ್ಟೆ ತೂರದ ಜಾಗ ಒಂದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಜನ ಗದರಿಸಿದರೆ ಬರುವ ಮಗುವಲ್ಲ ಅದು. ನಾನು ಈ ಬಾಯಲ್ಲಿ ನಿಂತಿರುವವರೆಗೆ ನೀರು ಕುತ್ತಿಗೆಗೆ ಬಂದರೂ ಅವಳು ಬರುವುದಿಲ್ಲ.

"ನನ್ನ ಕರ್ಕೊಂಡು ಹೋಗ್ರಪ್ಪಾ," ಎಂದೆ. ಅವರಿಗೆ ಅರ್ಥವಾಗಲಿಲ್ಲ. "ನನ್ನ ನೋಡಿ ಹೆದರ್ಕೊಂಡವ್ಳೆ. ದಮ್ಮಯ್ಯ ಅಂತೀನಿ, ಎಲ್ಲಿಗಾದ್ರೂ ಎಳ್ಕೊಂಡು ಹೋಗಿ. ಹೋದೆ ಅಂತ ಅವಳಿಗೆ ಹೇಳಿ."

ಅಪ್ಪ ನನ್ನ ಮುಖ ನೋಡಿದ. ಕೊರಳಪಟ್ಟಿ ಹಿಡಿದಾಗ ಹಾಗೆ ನೋಡಿರಲಿಲ್ಲ. ನೀರಿನ ನಾಲಗೆ ಆಗ ಕಂಡಿಯ ಬಾಯಿಯ ಕಲ್ಲನ್ನು ಮುಟ್ಟಿ ಸದ್ದಿಲ್ಲದೆ ಒಳಗೆ ಹೋಗತೊಡಗಿತ್ತು. ಅವನು ತಲೆಯಾಡಿಸಿದ. ಹಿಡಿದಿದ್ದವರು ನನ್ನನ್ನು ಏರಿಯ ಆಚೆ ಇಳಿಸಿದರು. ಎಳೆಯಬೇಕಾಗಿರಲಿಲ್ಲ, ನಾನೇ ಬಿದ್ದು ಎದ್ದು ಓಡಿದೆ. ಕಬ್ಬಿನ ಬದುವಿನಲ್ಲಿ, ತೂಬು ಕಾಣದ ಕಡೆ, ಕುಸಿದು ಕೂತೆ.

ಅಲ್ಲಿಗೆ ಕಾಣುವುದೇನೂ ಇರಲಿಲ್ಲ, ಕೇಳುವುದಷ್ಟೇ. ಅಪ್ಪನ ದನಿ ಕೇಳಿತು, ಜೋರಾಗಿ, ಒಡೆದ ಗಂಟಲಲ್ಲಿ: "ಓಡುಸ್ಬುಟ್ಟೊ ಕಣ್ ಮಗಾ ಅವನ್ನ! ಒಡ್ದು ಓಡುಸ್ಬುಟ್ಟೊ! ಇನ್ನು ಈ ಊರ್ಗೆ ಬರಾಕಿಲ್ಲ ಅವ್ನು!" ಅಜ್ಜಿಯ ದನಿ ಅದಕ್ಕೆ ಸೇರಿತು. ಆಮೇಲೆ ನೀರು ಮಾತ್ರ ಕಂಡಿಯೊಳಗೆ ಗುಳುಗುಳು ಎನ್ನುತ್ತಿತ್ತು. ನನ್ನ ಪಕ್ಕ ನಿಂತಿದ್ದವನೊಬ್ಬ ಕೈಯಲ್ಲಿದ್ದ ದೊಣ್ಣೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನು ಮಣ್ಣನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನೀರು ಬಡಿಯುವ ಸದ್ದಾಯಿತು, ಹಲವರು ಒಟ್ಟಿಗೆ ಕೂಗಿದರು. "ಇಡ್ಕೊ! ಕೈ ಇಡ್ಕೊ!" ಅಜ್ಜಿ ಗೋಳೋ ಎಂದು ಅತ್ತರು. ಆ ಅಳು ಯಾವ ಬಗೆಯದು ಎಂದು ತಿಳಿಯಲಿಲ್ಲ.

ಆಮೇಲೆ ಮಗು ಕೆಮ್ಮಿದ್ದು ಕೇಳಿತು. ಕೆಮ್ಮು, ಬಿಕ್ಕು, ಮತ್ತೆ ಕೆಮ್ಮು. ನನ್ನ ಜೊತೆಗಿದ್ದ ಇಬ್ಬರೂ ನನ್ನನ್ನು ಮರೆತು ಏರಿ ಹತ್ತಿ ಓಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎದ್ದು ಓಡಿಹೋಗಿ ಒಂದು ಸಲ ನೋಡಬೇಕೆಂದು ನಾನೂ ಮಂಡಿಯೂರಿ ಮೇಲೆದ್ದೆ. ಆಗ ಬಿಕ್ಕುಗಳ ನಡುವೆ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಪ್ಪಾ, ದಿಟ್ವಾಗ್ಲೂ ಒಂಟೋದ್ನಾ ಮೇಷ್ಟ್ರು?"

"ಒಂಟೋದ ಕಣವ್ವ. ಒಂಟೋದ."

ನಾನು ಮತ್ತೆ ಕೂತೆ. ಗಂಟಲಿಗೆ ಧೂಳು ಹೋಗಿ ಕೆಮ್ಮು ಒತ್ತರಿಸಿ ಬರುತ್ತಿತ್ತು. ಅವರೆಲ್ಲ ಮಗುವನ್ನು ಎತ್ತಿಕೊಂಡು ಊರು ಸೇರುವವರೆಗೂ, ಅವಳಿಗೆ ಕೇಳಿಸದಿರಲೆಂದು, ಅಂಗೈಯಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದೆ.